ಬಣ್ಣವೊಂದೇ ಸಾಕ್ಷಿ ಸಾಲದು



ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಈ ನಾಲ್ಕು ತಾಲ್ಲೂಕುಗಳಲ್ಲಿ ನೀವು ಎಲ್ಲೇ ಇರಿ, ದಿನಕ್ಕೊಮ್ಮೆಯಾದರೂ ತಲೆ ಎತ್ತಿ ವಿಮಾನ ನೋಡುತ್ತೀರಿ. ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ದೇವನಹಳ್ಳಿಯ ನೆಲದಲ್ಲಿ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಎರಡನೆಯ ರನ್‌ವೇ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಈಗ ದಿನಕ್ಕೆ ಹೆಚ್ಚುಕಡಿಮೆ 700 ವಿಮಾನಗಳು ಇಲ್ಲಿ ಏರುತ್ತವೆ, ಇಳಿಯುತ್ತವೆ. ವರ್ಷಕ್ಕೆ 4 ಕೋಟಿಗೂ ಹೆಚ್ಚು ಜನ ಇಲ್ಲಿಂದ ಓಡಾಡುತ್ತಾರೆ.

ನಮ್ಮ ಕಡೆ ವಿಮಾನ ನೋಡುವುದನ್ನೇ ಹವ್ಯಾಸ ಮಾಡಿಕೊಂಡವರು ಬಹಳ ಜನ ಇದ್ದಾರೆ. ಶಾಲೆಯ ಮಕ್ಕಳಿದ್ದಾರೆ. ನಿವೃತ್ತರಿದ್ದಾರೆ. ಹೊಲದ ಕೆಲಸದ ನಡುವೆ ಒಂದು ಗಳಿಗೆ ನಿಂತು ನೋಡುವವರೂ ಇದ್ದಾರೆ. ನಾನೂ ಈ ಗುಂಪಿಗೆ ಸೇರಿದವನೇ. ನಮ್ಮೆಲ್ಲರನ್ನೂ ಮತ್ತೆ ಮತ್ತೆ ಕಾಡುವ ಪ್ರಶ್ನೆಯೊಂದಿದೆ. ಹೊಸ ವಿಮಾನದ ಬಣ್ಣ ಯಾಕೆ ಬದಲಾಗುತ್ತಲೇ ಇರುತ್ತದೆ? ಒಂದೇ ಕಂಪನಿಯ ಎರಡು ವಿಮಾನಗಳು ಯಾಕೆ ಒಂದೇ ಥರ ಇರುವುದಿಲ್ಲ? ಬಾಲದ ಮೇಲೆ ಒಂದು ಚಿತ್ರ, ಒಡಲ ಮೇಲೆ ಇನ್ನೊಂದು ಹೆಸರು ಯಾಕೆ?

ಇವತ್ತಿನ ಮಾತು ಇದೊಂದರ ಬಗ್ಗೆಯೇ. ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಿಮಾನದ ಬಣ್ಣ ಒಂದು ಸಾಕ್ಷಿ. ಅದು ಸುಳ್ಳು ಹೇಳುವುದಿಲ್ಲ. ಆದರೆ ಪೂರ್ತಿ ಕಥೆಯನ್ನೂ ಹೇಳುವುದಿಲ್ಲ. ಅದರ ಮಾತಿಗೆ ಇನ್ನೊಂದು ಸಾಕ್ಷಿಯ ಬಲ ಬೇಕು.

ಮೊದಲು ಕಾರ್ಖಾನೆಯಿಂದಲೇ ಶುರು ಮಾಡೋಣ.

ಹೊಸ ವಿಮಾನ ಕಾರ್ಖಾನೆಯಲ್ಲಿ ಒಂದೇ ದಿನ ಬಣ್ಣ ಹಚ್ಚಿಕೊಂಡು ಸಿದ್ಧವಾಗುವುದಿಲ್ಲ. ಬೋಯಿಂಗ್ 737ರ ಒಡಲು ಅಲ್ಯೂಮಿನಿಯಂನದು. ಅಮೆರಿಕದ ವಿಚಿಟಾ ಎಂಬ ಊರಿನಲ್ಲಿ ಆ ಒಡಲು ತಯಾರಾಗುತ್ತದೆ. ಅಲ್ಲಿಂದ ರೈಲಿನಲ್ಲಿ ಸಿಯಾಟಲ್ ಬಳಿಯ ರೆಂಟನ್‌ಗೆ ಹೋಗುತ್ತದೆ. ದಾರಿಯುದ್ದಕ್ಕೂ ಅದರ ಮೈಮೇಲೆ ಹಸಿರು ಲೇಪ. ಅದು ಯಾವ ಕಂಪನಿಯ ಬಣ್ಣವೂ ಅಲ್ಲ. ಲೋಹಕ್ಕೆ ತುಕ್ಕು ತಾಗದಂತೆ ಹಚ್ಚಿದ ರಕ್ಷಣೆ ಅದು. ಹೊಸ ವಿಮಾನದ ಚಿತ್ರದಲ್ಲಿ ಹಸಿರು ಮೈ ಕಂಡರೆ, ಅದರ ಪೇಂಟ್ ಕೆಲಸ ಇನ್ನೂ ಬಾಕಿ ಇದೆ ಎಂದಷ್ಟೇ ತಿಳಿಯಬೇಕು.

ಆದರೆ ಆ ಹಸಿರು ಮೈಯ ತುದಿಯಲ್ಲಿ ಬಾಲ ಮಾತ್ರ ಝಗಝಗ ಎಂದು ಬಣ್ಣ ಹೊತ್ತು ನಿಂತಿರುವುದುಂಟು. ಹವ್ಯಾಸಿಗಳಿಗೆ ಇದು ಬಹಳ ಸೋಜಿಗ. ಒಡಲಿಗೆ ಬಣ್ಣವಿಲ್ಲ, ಬಾಲಕ್ಕೆ ಮಾತ್ರ ಯಾಕೆ ಮೊದಲೇ ಬಣ್ಣ?

ಕಾರಣ ತೂಕದಲ್ಲಿದೆ. ಬಾಲದ ಹಿಂಬದಿಯಲ್ಲಿ ಎಡಕ್ಕೂ ಬಲಕ್ಕೂ ಹೊರಳುವ ಒಂದು ಹಲಗೆ ಇರುತ್ತದೆ. ಅದಕ್ಕೆ ರಡ್ಡರ್ ಎನ್ನುತ್ತಾರೆ. ದೋಣಿಗೆ ಚುಕ್ಕಾಣಿ ಇದ್ದಂತೆ ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸಲು ಇದು ಬೇಕು. ಈ ಹಲಗೆಯ ತೂಕ ಸರಿಯಾಗಿ ಸಮತೋಲದಲ್ಲಿರಬೇಕು. ಪೇಂಟಿಗೂ ತೂಕವಿದೆ. ದೊಡ್ಡ ವಿಮಾನವೊಂದರ ಒಟ್ಟು ಪೇಂಟ್ ಕೆಲವು ನೂರು ಕಿಲೋ ತೂಗುತ್ತದೆ. ರಡ್ಡರ್ ಮೇಲೆ ಪೇಂಟಿನ ಭಾರ ಏರುಪೇರಾದರೆ ವೇಗದ ಹಾರಾಟದಲ್ಲಿ ಅದು ಅದುರತೊಡಗುತ್ತದೆ. ಆ ಅದುರು ಅಪಾಯಕಾರಿ. ಹೀಗಾಗಿ ಹಲಗೆಗೆ ಮೊದಲು ಬಣ್ಣ ಹಚ್ಚಿ, ಸಮತೋಲ ನೋಡಿ, ಆಮೇಲೆ ಜೋಡಿಸುತ್ತಾರೆ. ಅನೇಕ ವಿಮಾನಗಳಲ್ಲಿ ಇಡೀ ಬಾಲಕ್ಕೇ ಹೀಗೆ ಮುಂಚಿತವಾಗಿ ಬಣ್ಣ ಬಿದ್ದಿರುತ್ತದೆ.

ಇನ್ನೊಂದು ವಿಷಯ. ಏರ್‌ಬಸ್ ಎ350, ಬೋಯಿಂಗ್ 787ರಂಥ ಹೊಸ ವಿಮಾನಗಳ ಒಡಲು ಬಹುಪಾಲು ಲೋಹದ್ದಲ್ಲ. ಇಂಗಾಲದ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಗಟ್ಟಿ ಮಾಡಿದ್ದು. ಬಿಸಿಲಿನ ನೇರಳಾತೀತ ಕಿರಣ ಅದಕ್ಕೆ ಆಗದು. ಆದ್ದರಿಂದ ಅದನ್ನು ಬಣ್ಣವಿಲ್ಲದೆ ಬಿಡುವಂತಿಲ್ಲ. ಅಮೆರಿಕನ್ ಏರ್‌ಲೈನ್ಸ್ ದಶಕಗಳ ಕಾಲ ಹೊಳೆಯುವ ಬರಿಯ ಲೋಹದ ಮೈಯಲ್ಲೇ ವಿಮಾನ ಹಾರಿಸಿತ್ತು. 2013ರಲ್ಲಿ ಅದೂ ಬೆಳ್ಳಿ ಬಣ್ಣದ ಪೇಂಟಿಗೆ ಬಂತು. ಬರಲಿದ್ದ 787ರಂಥ ಹೊಸ ವಿಮಾನಗಳಿಗೆ ಹೊಳಪು ಕೊಡಲು ಲೋಹದ ಮೈಯೇ ಇರಲಿಲ್ಲ.

ಇಷ್ಟು ಹೊತ್ತು ಕೇಳಿದ್ದನ್ನು ಒಂದು ಮಾತಿನಲ್ಲಿ ಹೇಳುತ್ತೇನೆ. ಹೊಸ ವಿಮಾನಕ್ಕೆ ಬಣ್ಣ ಹಂತಹಂತವಾಗಿ ಬರುತ್ತದೆ. ಮೊದಲು ರಕ್ಷಣೆಯ ಲೇಪ, ಆಮೇಲೆ ಬಾಲ, ಕೊನೆಗೆ ಮೈ. ನಡುವಿನ ಹಂತವನ್ನು ನೋಡಿ ಬಣ್ಣ ಬದಲಾಯಿತು ಎಂದುಕೊಳ್ಳಬಾರದು.

ಈಗ ಎರಡನೆಯ ಕಾರಣಕ್ಕೆ ಬರೋಣ. ವಿಮಾನ ಒಬ್ಬರಿಗಾಗಿ ತಯಾರಾಗಿ ಇನ್ನೊಬ್ಬರ ಮನೆ ಸೇರುವುದುಂಟು.

ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. ಏರ್ ಇಂಡಿಯಾ 2022ರ ಜನವರಿಯಲ್ಲಿ ಮರಳಿ ಟಾಟಾ ಸಮೂಹದ ಕೈಗೆ ಬಂತು. 2023ರ ಆಗಸ್ಟ್‌ನಲ್ಲಿ ಹೊಸ ಗುರುತು, ಹೊಸ ಬಣ್ಣ ಪ್ರಕಟವಾಯಿತು. ಕಡುಗೆಂಪು, ಬದನೆ ಬಣ್ಣದ ನೇರಳೆ, ಜೊತೆಗೆ ಚಿನ್ನದ ಬಣ್ಣ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಟುಲೂಸ್ ನಗರದಿಂದ ಚಿತ್ರಗಳು ಬಂದವು. ಹೊಸ ಬಣ್ಣ ತೊಟ್ಟ ಮೊದಲ ಎ350 ಅಲ್ಲಿ ನಿಂತಿತ್ತು. ವರ್ಷದ ಕೊನೆಗೆ ಅದು ದೆಹಲಿಗೆ ಬಂತು. 2024ರ ಜನವರಿ 22ರಿಂದ ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು. ದೊಡ್ಡ ದೊಡ್ಡ ನಗರಗಳ ನಡುವಿನ ಆ ಮೊದಲ ಹಾರಾಟಗಳಲ್ಲಿ ನಮ್ಮ ಬೆಂಗಳೂರೂ ಸೇರಿತ್ತು. ನಮ್ಮ ಹವ್ಯಾಸಿಗಳಿಗೆ ಅದು ಹಬ್ಬವೇ ಆಗಿತ್ತು.

ಆದರೆ ಈ ವಿಮಾನದ ಹಿಂದಿನ ಕಥೆ ಬಣ್ಣದಲ್ಲಿ ಕಾಣುವುದಿಲ್ಲ. ಏರ್ ಇಂಡಿಯಾಕ್ಕೆ ಬಂದ ಮೊದಲ ಆರು ಎ350ಗಳನ್ನು ಮೂಲತಃ ರಷ್ಯಾದ ಏರೋಫ್ಲೋಟ್ ಕಂಪನಿಗಾಗಿ ಕಟ್ಟಲಾಗಿತ್ತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಯಿತು. ರಷ್ಯಾದ ಮೇಲೆ ನಿರ್ಬಂಧಗಳು ಬಿದ್ದವು. ವಿಮಾನಗಳು ಅಲ್ಲಿಗೆ ಹೋಗಲಿಲ್ಲ. ನಮ್ಮ ದೇಶಕ್ಕೆ ಬಂದವು. ಒಳಗೆ ಸುಮಾರು 300 ಆಸನಗಳು. ಆ ಆಸನಗಳ ಜೋಡಣೆ ಮೊದಲ ಗಿರಾಕಿ ಆರಿಸಿದ್ದು. ಹೊರಗಿನ ಬಣ್ಣ ಮಾತ್ರ ನಮ್ಮದು.

ಇನ್ನೂ ಒಂದು ಉದಾಹರಣೆ ಬೋಯಿಂಗ್ 737-8. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗೆ ಮೊದಮೊದಲು ಬಂದ ಈ ಮಾದರಿಯ ವಿಮಾನಗಳು ಬೇರೆ ಕಂಪನಿಗಳಿಗೆಂದು ತಯಾರಾಗಿದ್ದವು. ಗಿರಾಕಿ ಕೈಬಿಟ್ಟ ಇಂಥ ವಿಮಾನವನ್ನು ಈ ವ್ಯವಹಾರದವರು ವೈಟ್ ಟೇಲ್ ಎಂದು ಕರೆಯುತ್ತಾರೆ. ಮಾಲೀಕರು ಗೊತ್ತಾಗುವವರೆಗೆ ಬಾಲದ ಮೇಲೆ ಯಾರ ಗುರುತೂ ಬೇಡವಲ್ಲ! ಬಿಳಿ ಬಾಲದ ಹೊಸ ವಿಮಾನ ಕಂಡರೆ ಅದು ಗುಟ್ಟಿನ ವಿಮಾನ ಎಂದು ಯಾರೂ ಭಾವಿಸಬೇಕಾಗಿಲ್ಲ. ಅದು ಗಿರಾಕಿಗಾಗಿ ಕಾದು ನಿಂತ ವಿಮಾನ ಇರಬಹುದು.

ಈವರೆಗೆ ಎರಡು ಕಾರಣ ಕೇಳಿದಿರಿ. ಒಂದು, ಬಣ್ಣ ಹಂತಹಂತವಾಗಿ ಬರುತ್ತದೆ. ಎರಡು, ವಿಮಾನದ ಗಿರಾಕಿ ಬದಲಾಗುತ್ತಾರೆ. ಮೂರನೆಯದು, ಕಂಪನಿಗಳೇ ಒಂದರೊಳಗೊಂದು ಸೇರಿಹೋಗುತ್ತವೆ. ಬೆಂಗಳೂರಿನ ಆಕಾಶದಲ್ಲಿ ಇದನ್ನು ಕಂಡಷ್ಟು ಬೇರೆಡೆ ಕಂಡಿರುವುದು ಕಡಿಮೆ.

ಹಿರಿಯ ಕೇಳುಗರಿಗೆ ಏರ್ ಡೆಕ್ಕನ್ ನೆನಪಿರುತ್ತದೆ. ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಶುರು ಮಾಡಿದ ಕಂಪನಿ. ವಿಮಾನ ಕಾಣದ ಮನೆಗಳಿಗೆ ವಿಮಾನದ ಟಿಕೆಟ್ ತಲುಪಿಸಿದ ಕಂಪನಿ. 2007ರಲ್ಲಿ ಬೆಂಗಳೂರಿನದೇ ಆದ ಕಿಂಗ್‌ಫಿಶರ್ ಅದರಲ್ಲಿ ಪಾಲು ತೆಗೆದುಕೊಂಡಿತು. ಡೆಕ್ಕನ್ ವಿಮಾನಗಳ ಮೇಲೆ ಕಿಂಗ್‌ಫಿಶರ್‌ನ ಹಕ್ಕಿ ಬಂದು ಕೂತಿತು. 2008ರಲ್ಲಿ ಹೆಸರೇ ಕಿಂಗ್‌ಫಿಶರ್ ರೆಡ್ ಎಂದಾಯಿತು. ಅದೇ ವರ್ಷ ದೇವನಹಳ್ಳಿಯ ನಿಲ್ದಾಣವೂ ಬಾಗಿಲು ತೆರೆಯಿತು. ಹೊಸ ನಿಲ್ದಾಣ ನೋಡಲು ಹೋದವರಿಗೆ ಹಳೆಯ ಬಣ್ಣವೂ ಸಿಕ್ಕಿತು, ಹೊಸ ಬಣ್ಣವೂ ಸಿಕ್ಕಿತು. 2012ರಲ್ಲಿ ಕಿಂಗ್‌ಫಿಶರ್‌ನ ಹಾರಾಟವೇ ನಿಂತುಹೋಯಿತು.

2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಅದರ ಹಲವು ಬೋಯಿಂಗ್ 737ಗಳು ಸ್ಪೈಸ್‌ಜೆಟ್‌ಗೆ ಹೋದವು. ಪೂರ್ತಿ ಬಣ್ಣ ಬಳಿಯುವಷ್ಟು ಸಮಯವಿರಲಿಲ್ಲ. ಮೈಮೇಲೆ ಜೆಟ್‌ನ ಹಳೆಯ ಬಣ್ಣ, ಬದಿಯಲ್ಲಿ ಸ್ಪೈಸ್‌ಜೆಟ್‌ನ ಹೆಸರು. ಅದನ್ನು ನೋಡಿದ ಎಷ್ಟೋ ಜನ ಜೆಟ್ ಮತ್ತೆ ಶುರುವಾಯಿತೇ ಎಂದು ಕೇಳಿದರು. ಅದು ಶುರುವಾಗಿರಲಿಲ್ಲ.

ತೀರಾ ಇತ್ತೀಚಿನದನ್ನು ನೋಡಿ. ಏರ್‌ಏಷ್ಯಾ ಇಂಡಿಯಾ 2014ರ ಜೂನ್‌ನಲ್ಲಿ ಬೆಂಗಳೂರು–ಗೋವಾ ಹಾರಾಟದಿಂದ ಶುರುವಾಯಿತು. ಅದರ ಬಣ್ಣ ಕೆಂಪು. ಮುಂದೆ ಅದು ಎಐಎಕ್ಸ್ ಕನೆಕ್ಟ್ ಎಂದು ಹೆಸರು ಬದಲಿಸಿಕೊಂಡಿತು. 2024ರ ಅಕ್ಟೋಬರ್ 1ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿಹೋಯಿತು. ಅದೇ ವರ್ಷದ ನವೆಂಬರ್ 12ರಂದು ವಿಸ್ತಾರ ಎಂಬ ಕಂಪನಿ ಏರ್ ಇಂಡಿಯಾದೊಂದಿಗೆ ಸೇರಿತು. ರಾತ್ರೋರಾತ್ರಿ ಹೆಸರು ಬದಲಾಯಿತು. ಬಣ್ಣ ರಾತ್ರೋರಾತ್ರಿ ಬದಲಾಗಲಾರದು. ವಿಮಾನವನ್ನು ಕೆಲಸದಿಂದ ಬಿಡಿಸಿ, ಶೆಡ್ಡಿನಲ್ಲಿ ನಿಲ್ಲಿಸಿ, ಹಳೆಯದನ್ನು ತೆಗೆದು ಹೊಸದನ್ನು ಬಳಿಯಲು ದಿನಗಳು ಬೇಕು. ನಿಂತ ವಿಮಾನ ದುಡಿಯುವುದಿಲ್ಲ. ಹೀಗಾಗಿ ಟಿಕೆಟ್‌ನಲ್ಲಿ ಏರ್ ಇಂಡಿಯಾ ಎಂದಿತ್ತು, ಏರುವ ವಿಮಾನ ವಿಸ್ತಾರದ ನೇರಳೆ-ಚಿನ್ನದ ಬಣ್ಣದ್ದಾಗಿತ್ತು. ಆ ಹಾರಾಟಗಳನ್ನು ಗುರುತಿಸಲು ಒಂದು ಉಪಾಯ ಮಾಡಿದ್ದರು. ಹಾರಾಟದ ಸಂಖ್ಯೆ 2ರಿಂದ ಶುರುವಾಗುವ ನಾಲ್ಕು ಅಂಕಿಯದಾಗಿತ್ತು. ಬಣ್ಣ ಗೊಂದಲ ಮಾಡಿದಲ್ಲಿ ಅಂಕಿ ನೆರವಿಗೆ ಬಂತು.

ಮೂರು ಕಾರಣಗಳಾದವು. ಕಾರ್ಖಾನೆಯ ಹಂತ, ಗಿರಾಕಿಯ ಬದಲಾವಣೆ, ಕಂಪನಿಗಳ ವಿಲೀನ. ನಾಲ್ಕನೆಯದು ಬಹಳ ಚೆಂದದ್ದು. ಕೆಲವು ಕಂಪನಿಗಳು ಬೇಕೆಂದೇ ಪ್ರತಿ ವಿಮಾನಕ್ಕೂ ಬೇರೆ ಚಿತ್ರ ಹಾಕುತ್ತವೆ.

ಏರ್ ಇಂಡಿಯಾ ಎಕ್ಸ್‌ಪ್ರೆಸ್ ಈ ರೂಢಿಯನ್ನು ಬಹಳ ಕಾಲದಿಂದ ಇಟ್ಟುಕೊಂಡಿದೆ. ಅದರ ಹಳೆಯ ಬೋಯಿಂಗ್‌ಗಳಲ್ಲಿ ಬಾಲದ ಎಡಬದಿಗೆ ಒಂದು ಚಿತ್ರ, ಬಲಬದಿಗೆ ಇನ್ನೊಂದು ಚಿತ್ರ ಇರುತ್ತಿತ್ತು. ನಮ್ಮ ದೇಶದ ಕಲೆ, ಸ್ಮಾರಕ, ಸಂಸ್ಕೃತಿಯ ಚಿತ್ರಗಳು. ಒಬ್ಬರು ರನ್‌ವೇಯ ಉತ್ತರಕ್ಕೆ ನಿಂತು ನೋಡಿ, ಇನ್ನೊಬ್ಬರು ದಕ್ಷಿಣಕ್ಕೆ ನಿಂತು ನೋಡಿ, ಆಮೇಲೆ ವಾದ ಮಾಡಿದರೆ ಇಬ್ಬರ ಮಾತೂ ನಿಜವೇ.

2023ರ ಅಕ್ಟೋಬರ್‌ನಲ್ಲಿ ಅದರ ಹೊಸ ರೂಪ ಹೊರಬಂತು. ಕಿತ್ತಳೆ, ಹಸಿರು ಬೆರೆತ ನೀಲಿ. ಬಾಲದ ಮೇಲೆ ನಮ್ಮ ದೇಶದ ಬಟ್ಟೆಗಳ ವಿನ್ಯಾಸ. ಬಾಂಧನಿ, ಅಜ್ರಖ್, ಪಟೋಲ, ಕಾಂಜೀವರಂ, ಕಲಂಕಾರಿ.

ಇವು ಕಣ್ಣಿಗೆ ಹೇಗೆ ಕಾಣುತ್ತವೆ? ನೀವು ರೇಡಿಯೊ ಕೇಳುತ್ತಿದ್ದೀರಿ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಬಾಂಧನಿ ಎಂದರೆ ಬಟ್ಟೆಯನ್ನು ಅಲ್ಲಲ್ಲಿ ಚಿಟಿಕೆಯಷ್ಟು ಹಿಡಿದು ದಾರದಿಂದ ಬಿಗಿದು ಬಣ್ಣದಲ್ಲಿ ಅದ್ದುವುದು. ಬಿಚ್ಚಿದಾಗ ಸಣ್ಣ ಸಣ್ಣ ಚುಕ್ಕಿಗಳ ಸಾಲು ಕಾಣುತ್ತದೆ. ಅಜ್ರಖ್ ಎಂದರೆ ಮರದ ಅಚ್ಚಿನಿಂದ ಒತ್ತಿದ ವಿನ್ಯಾಸ, ಹೆಚ್ಚಾಗಿ ಕಡುನೀಲಿ ಮತ್ತು ಕೆಂಪು. ಕಛ್ ಪ್ರದೇಶದ್ದು. ಪಟೋಲದಲ್ಲಿ ಹಾಸನ್ನೂ ಹೊಕ್ಕನ್ನೂ ನೇಯುವ ಮೊದಲೇ ಲೆಕ್ಕ ಹಾಕಿ ಬಣ್ಣ ಕಟ್ಟಿರುತ್ತಾರೆ. ನೇಯುತ್ತ ಹೋದಂತೆ ಚಿತ್ರ ತಾನಾಗಿ ಕೂಡಿಕೊಳ್ಳುತ್ತದೆ.

ದೊಡ್ಡಬಳ್ಳಾಪುರದ ಕೇಳುಗರಿಗೆ ನಾನು ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಲ್ಲಿನ ಮಗ್ಗಗಳ ಸದ್ದು ನಿಮಗೆ ಗೊತ್ತು. ರೇಷ್ಮೆ ಸೀರೆ ನೇಯುವ ಊರು ಅದು. ಈ ವಿಷಯದಲ್ಲಿ ನೇಕಾರರ ಮನೆಯ ಕಣ್ಣು ವಿಮಾನ ಹವ್ಯಾಸಿಯ ಕಣ್ಣಿಗಿಂತ ಚುರುಕು. ಚುಕ್ಕಿಯ ಸಾಲು ಯಾವುದು, ಅಚ್ಚಿನ ಗೆರೆ ಯಾವುದು, ಅಂಚು ಯಾವುದು ಎಂದು ಅವರು ಹೇಳಬಲ್ಲರು. ಒಂದೇ ಕಂಪನಿಯ ಬಾಲಗಳು ಯಾಕೆ ಬೇರೆ ಬೇರೆ ಎಂಬ ಒಗಟು ಅವರ ಮುಂದೆ ಒಗಟಾಗಿ ಉಳಿಯುವುದಿಲ್ಲ. ವಿಮಾನ ನೋಡುವ ಮಕ್ಕಳು ಮನೆಯ ಹಿರಿಯರನ್ನು ಕರೆದು ತೋರಿಸಿ ಕೇಳಬೇಕು ಎಂಬುದು ನನ್ನ ಆಸೆ. ಈ ಹವ್ಯಾಸಕ್ಕೆ ಎಲ್ಲರ ಅರಿವೂ ಬೇಕು.

ನಾಲ್ಕು ಕಾರಣಗಳನ್ನು ನೋಡಿದೆವು. ಹಂತ, ಗಿರಾಕಿ, ವಿಲೀನ, ಬೇಕೆಂದೇ ಮಾಡಿದ ವೈವಿಧ್ಯ. ಇನ್ನು ಐದನೆಯದು. ಕಂಪನಿ ತನ್ನ ಮನಸ್ಸನ್ನೇ ಬದಲಿಸುತ್ತದೆ. ಕೆಲವೊಮ್ಮೆ ಜನರೇ ಬದಲಿಸುವಂತೆ ಮಾಡುತ್ತಾರೆ.

1971ರಲ್ಲಿ ಏರ್ ಇಂಡಿಯಾಕ್ಕೆ ಬೋಯಿಂಗ್ 747 ಬಂತು. ಕಿಟಕಿಗಳ ಸುತ್ತ ಕೆಂಪು ಬಣ್ಣದಲ್ಲಿ ಅರಮನೆಯ ಕಿಟಕಿಯಾದ ಝರೋಕದ ಕಮಾನು ಬಿಡಿಸಿದರು. ಜನ ಅದನ್ನು ಬಹಳ ಮೆಚ್ಚಿದರು. 1989ರಲ್ಲಿ ಹೊಸ ವಿನ್ಯಾಸ ಬಂತು. ಮೈ ಬಹುಪಾಲು ಬಿಳಿ, ಕೆಂಪು ಬಾಲದ ಮೇಲೆ ಚಿನ್ನದ ಸೂರ್ಯ. ಅರ್ಧದಷ್ಟು ವಿಮಾನಗಳಿಗೆ ಅದನ್ನು ಹಚ್ಚಿಯೂ ಆಯಿತು. ಪ್ರಯಾಣಿಕರು ಒಪ್ಪಲಿಲ್ಲ. ನಮ್ಮ ಕಮಾನು ಎಲ್ಲಿ ಎಂದು ಕೇಳಿದರು. ಸುಮಾರು ಎರಡು ವರ್ಷದಲ್ಲಿ ಕಂಪನಿ ಹಳೆಯ ರೂಪಕ್ಕೆ ಮರಳಿತು. ಆ ಎರಡು ವರ್ಷ ಹೊಸದು ಮತ್ತು ಹಳೆಯದು ಅಕ್ಕಪಕ್ಕದಲ್ಲೇ ಹಾರಿದವು. ಹಳೆಯದನ್ನು ಕಂಡವರು ಇದು ಇನ್ನೂ ಹೊಸ ಬಣ್ಣ ಕಾಣದ ವಿಮಾನ ಎಂದುಕೊಂಡಿರಬಹುದು. ಅದೇ ಮುಂದಿನ ರೂಪವೂ ಆಗಿತ್ತು. ಕಿಟಕಿಯ ಆ ಕಮಾನು 2023ರ ವಿನ್ಯಾಸದಲ್ಲಿ ಇಲ್ಲ. ಕಿಟಕಿ ಚೌಕಟ್ಟಿನ ಆಕಾರ ಮಾತ್ರ ಹೊಸ ಗುರುತಿಗೆ ಸ್ಫೂರ್ತಿಯಾಗಿ ಉಳಿದಿದೆ.

ಹೊರದೇಶದಲ್ಲೂ ಹೀಗೇ. ಜರ್ಮನಿಯ ಲುಫ್ತಾನ್ಸಾ ನಮ್ಮ ನಿಲ್ದಾಣಕ್ಕೆ ಪರಿಚಿತ. 2018ರ ಫೆಬ್ರವರಿಯಲ್ಲಿ ಅದು ಬಾಲದ ಮೇಲಿನ ಹಳದಿ ವೃತ್ತವನ್ನು ತೆಗೆಯಿತು. ಬಾಲ ಪೂರ್ತಿ ಕಡುನೀಲಿ, ಅದರಲ್ಲಿ ಬಿಳಿಯ ಕೊಕ್ಕರೆ. ಕೆಲವು ಬೆಳಕಿನಲ್ಲಿ ಆ ನೀಲಿ ಕಪ್ಪಾಗಿ ಕಾಣುತ್ತಿತ್ತು. ಕೆಲವೇ ತಿಂಗಳಲ್ಲಿ ನೀಲಿಯ ಛಾಯೆಯನ್ನು ತುಸು ತಿದ್ದಿದರು. ಅಂದರೆ ಹೊಸ ಬಣ್ಣಕ್ಕೂ ಒಂದು ಮೊದಲ ಪ್ರತಿ, ಒಂದು ತಿದ್ದಿದ ಪ್ರತಿ ಇರುತ್ತವೆ. ಇದರ ಜೊತೆಗೆ ದೇವನಹಳ್ಳಿಯ ಡಿಸೆಂಬರ್, ಜನವರಿಯ ಬೆಳಗಿನ ಮಂಜನ್ನು ಸೇರಿಸಿಕೊಳ್ಳಿ. ಆ ಮಂಜಿನಲ್ಲಿ ನೇರಳೆ ಕಪ್ಪಾಗುತ್ತದೆ, ಕಿತ್ತಳೆ ಕೆಂಪಾಗುತ್ತದೆ.

ಐದೂ ಕಾರಣಗಳು ಮುಗಿದವು. ಎಲ್ಲ ಕಡೆಯೂ ಬಣ್ಣ ನಿಜವನ್ನೇ ಹೇಳಿದೆ, ಅರ್ಧ ನಿಜವನ್ನು ಹೇಳಿದೆ. ಹಾಗಾದರೆ ಉಳಿದ ಅರ್ಧವನ್ನು ಎಲ್ಲಿ ಹುಡುಕಬೇಕು?

ಒಂದು, ಆಕಾರದಲ್ಲಿ. ಬಣ್ಣ ಬದಲಾದರೂ ಆಕಾರ ಬದಲಾಗದು. ಎ350ಕ್ಕೆ ಚಾಲಕರ ಕಿಟಕಿಯ ಸುತ್ತ ಕನ್ನಡಕ ಹಾಕಿದಂಥ ಕಪ್ಪು ಪಟ್ಟಿ ಇರುತ್ತದೆ, ರೆಕ್ಕೆಯ ತುದಿ ಮೇಲಕ್ಕೆ ಬಾಗಿರುತ್ತದೆ. 787ರ ಎಂಜಿನ್ ಕವಚದ ಹಿಂದಿನ ಅಂಚು ಗರಗಸದ ಹಲ್ಲಿನಂತೆ ಇರುತ್ತದೆ. 737-8ರ ರೆಕ್ಕೆಯ ತುದಿ ಎರಡಾಗಿ ಸೀಳಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ ಚಾಚಿರುತ್ತದೆ. 2022ರ ಅಕ್ಟೋಬರ್‌ನಲ್ಲಿ ನಮ್ಮಲ್ಲಿಗೆ ಮೊದಲ ಬಾರಿ ಬಂದ ಎಮಿರೇಟ್ಸ್‌ನ ಎ380ಕ್ಕೆ ಎರಡು ಅಂತಸ್ತು, ನಾಲ್ಕು ಎಂಜಿನ್.

ಎರಡು, ನೋಂದಣಿಯ ಅಕ್ಷರಗಳಲ್ಲಿ. ಒಡಲಿನ ಹಿಂಭಾಗದಲ್ಲಿ ಇವನ್ನು ಬರೆದಿರುತ್ತಾರೆ. ನಮ್ಮ ದೇಶದ ವಿಮಾನವಾದರೆ ವಿಟಿ ಎಂಬ ಎರಡು ಅಕ್ಷರಗಳಿಂದ ಶುರು. ಜರ್ಮನಿಗೆ ಡಿ, ಬ್ರಿಟನ್‌ಗೆ ಜಿ, ಅಮೆರಿಕಕ್ಕೆ ಎನ್. ಬಾಲದ ಬಣ್ಣ ಒಂದು ದೇಶದ ಹೆಸರು ಹೇಳಿ, ಅಕ್ಷರ ಇನ್ನೊಂದು ದೇಶದ ಹೆಸರು ಹೇಳಿದರೆ, ಅದು ಬಾಡಿಗೆಗೆ ಬಂದ ವಿಮಾನ ಇರಬಹುದು ಎಂದು ಊಹಿಸಬಹುದು.

ಮೂರು, ಕಾರ್ಖಾನೆಯ ಕ್ರಮಸಂಖ್ಯೆಯಲ್ಲಿ. ಮಾಲೀಕರು ಬದಲಾದರೆ ನೋಂದಣಿಯೂ ಬದಲಾಗಬಹುದು. ಹುಟ್ಟಿದಾಗ ಕೊಟ್ಟ ಕ್ರಮಸಂಖ್ಯೆ ಮಾತ್ರ ವಿಮಾನ ಒಡೆಯುವ ದಿನದವರೆಗೂ ಅದರ ಜೊತೆಗಿರುತ್ತದೆ. ಹಿಂದಿನ ಕಥೆಯನ್ನು ಹುಡುಕುವವರಿಗೆ ಅದೇ ದಾರಿ.

ಮಕ್ಕಳಿಗೆ, ಅವರ ಶಿಕ್ಷಕರಿಗೆ ಒಂದು ಮಾತು. ಒಂದು ನೋಟ್‌ಬುಕ್ ಇಡಿ. ದಿನಾಂಕ, ಸಮಯ, ಯಾವ ದಿಕ್ಕಿನಿಂದ ಬಂತು, ಆಕಾರ ಹೇಗಿತ್ತು, ಬಾಲದ ಬಣ್ಣ, ಒಡಲ ಬಣ್ಣ ಬರೆಯಿರಿ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಕಂಡದ್ದು, ಬಲಕ್ಕೆ ಊಹಿಸಿದ್ದು. ಎರಡನ್ನೂ ಬೆರೆಸಬೇಡಿ. ಊಹೆ ಮಾಡುವುದು ತಪ್ಪಲ್ಲ. ಊಹೆ ಇಲ್ಲದೆ ಹುಡುಕಾಟವೇ ಇಲ್ಲ. ಊಹೆಯನ್ನು ಕಂಡದ್ದರ ಸಾಲಿಗೆ ಸೇರಿಸುವುದು ತಪ್ಪು. ವಿಜ್ಞಾನದ ಪಾಠದಲ್ಲಿ ಇದನ್ನೇ ಕಲಿಸುತ್ತೇವೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಅದನ್ನು ಕಲಿಯಲು ಆಕಾಶದಲ್ಲೇ ಪ್ರಯೋಗಶಾಲೆ ಸಿಕ್ಕಿದೆ.

ಎಚ್ಚರಿಕೆಯ ಮಾತೂ ಬೇಕು. 2010ರಲ್ಲಿ ಬ್ರಿಟನ್ನಿನ ಇಬ್ಬರು ಹವ್ಯಾಸಿಗಳು ದೆಹಲಿ ನಿಲ್ದಾಣದ ಬಳಿ ವಿಮಾನಗಳ ರೇಡಿಯೊ ಮಾತು ಕೇಳುತ್ತಿದ್ದುದಕ್ಕೆ ಪೊಲೀಸರ ಕೈಗೆ ಸಿಕ್ಕಿದರು. ದಂಡ ತೆತ್ತು ಊರಿಗೆ ಮರಳಲು ವಾರಗಳೇ ಹಿಡಿದವು. ಆದ್ದರಿಂದ ಬೇಲಿಯ ಹತ್ತಿರ ಹೋಗಬೇಡಿ. ಡ್ರೋನ್ ಹಾರಿಸಲೇಬೇಡಿ. ಯಲಹಂಕದ ವಾಯುನೆಲೆಯ ಕಡೆ ಕ್ಯಾಮೆರಾ ತಿರುಗಿಸಬೇಡಿ. ಕಾವಲಿನವರು ಕೇಳಿದರೆ ಸಮಾಧಾನದಿಂದ ಉತ್ತರ ಕೊಡಿ. ನಮ್ಮ ಹೊಲ, ನಮ್ಮ ಮನೆಯ ಮಹಡಿ, ನಮ್ಮ ಶಾಲೆಯ ಅಂಗಳ ಇಷ್ಟು ಸಾಕು.

ಈ ನಿಲ್ದಾಣಕ್ಕಾಗಿ ಸುಮಾರು 4,000 ಎಕರೆ ನೆಲ ಹೋಗಿದೆ. ಆ ನೆಲ ನಮ್ಮ ಹಳ್ಳಿಗಳದು. ಅಲ್ಲಿ ಇಳಿಯುವ ವಿಮಾನಗಳನ್ನು ನಮ್ಮ ಮಕ್ಕಳು ಬರಿಯ ಸದ್ದು ಎಂದುಕೊಂಡು ಸುಮ್ಮನಾಗಬಾರದು. ಅವು ಎಲ್ಲಿ ತಯಾರಾದವು, ಯಾರಿಗಾಗಿ ತಯಾರಾದವು, ಯಾಕೆ ಬಣ್ಣ ಬದಲಿಸಿದವು ಎಂದು ಕೇಳುವ ಹಕ್ಕು ಮೊದಲು ಅವರದು. ನಾಳೆ ಅವುಗಳನ್ನು ದುರಸ್ತಿ ಮಾಡುವವರು, ಹಾರಿಸುವವರು, ವಿನ್ಯಾಸ ಮಾಡುವವರು ಅವರಲ್ಲೇ ಹುಟ್ಟಬೇಕು. ಅದಕ್ಕೆ ಮೊದಲ ಪಾಠ ಸರಿಯಾಗಿ ನೋಡುವುದು. ನಾಳೆ ಬೆಳಗ್ಗೆ ಒಂದು ವಿಮಾನವನ್ನು ಆರಿಸಿಕೊಳ್ಳಿ. ಬಣ್ಣ ನೋಡಿ, ಆಕಾರ ನೋಡಿ, ಅಕ್ಷರ ಓದಿ. ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ಹೆಸರು ಬರೆಯಿರಿ.